ಎಂ8 ಟ್ಯಾಪ್ ತಳದಲ್ಲೇ ಏಕೆ ಮುರಿಯುತ್ತದೆ? ಟೂಲ್ ರೂಮ್ ಪ್ರಶ್ನೋತ್ತರ

ಪೀಣ್ಯದ ಸದಸ್ಯರು: 304 ಸ್ಟೇನ್‌ಲೆಸ್ ಬ್ಲಾಕ್‌ಗಳಲ್ಲಿ ಎಂ8 (8 ಮಿ.ಮೀ. ವ್ಯಾಸದ ಥ್ರೆಡ್) ಬ್ಲೈಂಡ್ ರಂಧ್ರಗಳಿಗೆ, ಅಂದರೆ ತಳ ಮುಚ್ಚಿದ ರಂಧ್ರಗಳಿಗೆ, ವಿಎಂಸಿ ಎಂಬ ಕಂಪ್ಯೂಟರ್ ನಿಯಂತ್ರಿತ ಯಂತ್ರದಲ್ಲಿ ಟ್ಯಾಪ್ (ರಂಧ್ರದೊಳಗೆ ಥ್ರೆಡ್ ಮೂಡಿಸುವ ಉಪಕರಣ) ಹೊಡೆಯುತ್ತಿದ್ದೇವೆ. ಡ್ರಿಲ್ 6.8 ಮಿ.ಮೀ., ಆಳ 22 ಮಿ.ಮೀ., ಥ್ರೆಡ್ 18 ಮಿ.ಮೀ. ಬೇಕು. ಪೊಟ್ಟಣದ ಮೇಲೆ ‘ಸ್ಪೈರಲ್’ ಎಂದು ಬರೆದಿರುವ, ಚಿನ್ನದ ಬಣ್ಣದ ಲೇಪನವಿರುವ ದುಬಾರಿ ಟ್ಯಾಪನ್ನೇ ತಂದಿದ್ದರೂ ಐದಾರು ರಂಧ್ರಗಳಿಗೊಂದು ಮುರಿಯುತ್ತಿದೆ. ಯಾವ ಕಂಪನಿಯದನ್ನು ಕೊಳ್ಳಬೇಕು?

ಫೋರ್‌ಮನ್: ಕಂಪನಿಯ ಮಾತು ಆಮೇಲೆ. ‘ಸ್ಪೈರಲ್’ ಎಂಬ ಹೆಸರಿನಲ್ಲಿ ಎರಡು ಬೇರೆ ಬೇರೆ ಟ್ಯಾಪ್‌ಗಳು ಮಾರಾಟವಾಗುತ್ತವೆ. ಟ್ಯಾಪಿನ ಮೈಮೇಲಿನ ಉದ್ದ ಕಾಲುವೆಗಳು (ಫ್ಲೂಟ್) ನೇರವಾಗಿದ್ದು, ಮುಂದಿನ ನಾಲ್ಕೈದು ಹಲ್ಲುಗಳ ಬಳಿ ಮಾತ್ರ ಓರೆಯಾಗಿ ಸಾಣೆ ಹಿಡಿದಿದ್ದರೆ ಅದು ಸ್ಪೈರಲ್ ಪಾಯಿಂಟ್. ನಮ್ಮವರು ಗನ್ ಟ್ಯಾಪ್ ಎನ್ನುವುದು ಇದನ್ನೇ. ಅದು ಚಿಪ್ಸನ್ನು, ಅಂದರೆ ಕತ್ತರಿಸಿದ ಲೋಹದ ಚೂರುಗಳನ್ನು, ತನ್ನ ಮುಂದಕ್ಕೆ ದೂಡುವುದರಿಂದ ಆರಪಾರ ರಂಧ್ರಕ್ಕೆ ಅದಕ್ಕಿಂತ ಒಳ್ಳೆಯದು ಮತ್ತೊಂದಿಲ್ಲ. ಕಾಲುವೆಗಳೇ ಹುರಿಯಂತೆ ಸುತ್ತಿಕೊಂಡಿದ್ದರೆ ಅದು ಸ್ಪೈರಲ್ ಫ್ಲೂಟ್. ಬಾವಿಯಿಂದ ನೀರು ಸೇದಿದಂತೆ ಚಿಪ್ಸನ್ನು ಮೇಲಕ್ಕೆ ಎಳೆಯುವ ಇದೇ ಬ್ಲೈಂಡ್ ರಂಧ್ರಕ್ಕೆ ತಕ್ಕದ್ದು. ನಿಮ್ಮ ಕೈಯಲ್ಲಿರುವುದು ಗನ್ ಟ್ಯಾಪ್ ಎಂದೇ ನನ್ನ ಅನುಮಾನ.

ಇನ್ನು ಆಳದ ಲೆಕ್ಕ. ಆ 22 ಮಿ.ಮೀ. ಆಳವನ್ನು ಡ್ರಿಲ್ಲಿನ ತುದಿಯಿಂದ ಅಳೆದಿದ್ದರೆ, 118 ಡಿಗ್ರಿಯ ತುದಿಯೇ ಸುಮಾರು 2 ಮಿ.ಮೀ. ನುಂಗುತ್ತದೆ, ಪೂರ್ಣ ವ್ಯಾಸದ ಆಳ 20 ಮಾತ್ರ ಉಳಿಯುತ್ತದೆ. ಗನ್ ಟ್ಯಾಪಿನ ಮೊನೆಯಿಳಿಜಾರು (ಹಲ್ಲುಗಳು ಪೂರ್ತಿ ಎತ್ತರಕ್ಕೆ ಬರುವ ಮುನ್ನಿನ ಓರೆ ಭಾಗ) ಮೂರೂವರೆಯಿಂದ ಐದೂವರೆ ಹಲ್ಲುಗಳಷ್ಟು ಉದ್ದವಿರುತ್ತದೆ, ಹಲ್ಲಿನಿಂದ ಹಲ್ಲಿಗೆ 1.25 ಮಿ.ಮೀ. ಪಿಚ್‌ನಲ್ಲಿ ಅದು ನಾಲ್ಕೂವರೆಯಿಂದ ಏಳು ಮಿ.ಮೀ. ಹದಿನೆಂಟು ಮಿ.ಮೀ. ಪೂರ್ಣ ಥ್ರೆಡ್ ಬೇಕೆಂದರೆ ಟ್ಯಾಪ್ 22ಕ್ಕಿಂತ ಆಳಕ್ಕೆ ಇಳಿಯಬೇಕು. ನಿಮ್ಮ ಟ್ಯಾಪ್ ತನ್ನದೇ ಚಿಪ್ಸನ್ನು ತಳದಲ್ಲಿ ತುರುಕಿಕೊಂಡು ಅದರ ಮೇಲೆ ತಲೆ ಚಚ್ಚಿಕೊಳ್ಳುತ್ತಿದೆ. ಎರಡರಿಂದ ಮೂರು ಹಲ್ಲಿನ ಮೊನೆಯಿರುವ ‘ಸಿ’ ನಮೂನೆಯ ಸ್ಪೈರಲ್ ಫ್ಲೂಟ್ ತಂದರೂ 18 ಮಿ.ಮೀ. ಇಕ್ಕಟ್ಟೇ. ಅಷ್ಟಕ್ಕೂ 18 ಕೇಳಿದವರು ಯಾರು? ವ್ಯಾಸದ ಒಂದೂವರೆ ಪಟ್ಟು, ಅಂದರೆ 12 ಮಿ.ಮೀ., ಸ್ಟೇನ್‌ಲೆಸ್ ಬೋಲ್ಟಿಗೆ ಸಾಮಾನ್ಯವಾಗಿ ಸಾಲುತ್ತದೆ. ನಕ್ಷೆ ಬರೆದವರನ್ನು ಒಮ್ಮೆ ಕೇಳಿ.

304 ಉಜ್ಜಿದಷ್ಟೂ ಗಟ್ಟಿಯಾಗುವ ಲೋಹ. ಮೊಂಡು ಡ್ರಿಲ್ ಹಾಕಿದರೆ ರಂಧ್ರದ ಗೋಡೆ ಹೊಳೆಯುತ್ತದೆ, ಆ ಹೊಳಪೇ ಟ್ಯಾಪಿನ ಶತ್ರು. ಡ್ರಿಲ್ಲನ್ನು 6.9ಕ್ಕೆ ಏರಿಸಿ. 6 ಹೆಚ್ ಎಂಬ ಸಹಿಷ್ಣುತೆಯಲ್ಲಿ (ಅಳತೆಯಲ್ಲಿ ಒಪ್ಪುವ ವ್ಯತ್ಯಾಸ) ಎಂ8ರ ಒಳವ್ಯಾಸ 6.647ರಿಂದ 6.912ರವರೆಗೆ ಇರಬಹುದಾದ್ದರಿಂದ ಅದು ಮಿತಿಯೊಳಗೇ ಇದೆ. ಥ್ರೆಡ್ಡಿನ ತುಂಬು (ಹಲ್ಲಿನ ಪೂರ್ಣ ಎತ್ತರದಲ್ಲಿ ಮೂಡುವ ಪಾಲು) ಶೇ 74ರಿಂದ 68ಕ್ಕೆ ಇಳಿಯುತ್ತದೆ, ಟ್ಯಾಪಿನ ಮೇಲಿನ ಹೊರೆ ಚೆನ್ನಾಗಿಯೇ ಕಡಿಮೆಯಾಗುತ್ತದೆ. ಆದರೆ ಡ್ರಿಲ್ ತನ್ನ ಅಳತೆಗಿಂತ ದೊಡ್ಡದಾಗಿಯೇ ಕೊರೆಯುವುದರಿಂದ ಪಿನ್ ಗೇಜ್ (ರಂಧ್ರ ಅಳೆಯುವ ಕಡ್ಡಿ) ಹಾಕದೆ ನಂಬಬೇಡಿ. ಕೋಬಾಲ್ಟ್ ಬೆರೆತ ಹೆಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಟ್ಯಾಪ್ ಇರಲಿ, ವೇಗ ನಿಮಿಷಕ್ಕೆ 200ರಿಂದ 240 ಸುತ್ತು ಸಾಕು.

ಹುಬ್ಬಳ್ಳಿಯ ಸದಸ್ಯರು: ಎಂ8 ಮತ್ತು ಎಂ10ಕ್ಕೆ ಯಾವ ಡ್ರಿಲ್ ಹಾಕಬೇಕು ಸರ್?

ಫೋರ್‌ಮನ್: ವ್ಯಾಸದಿಂದ ಪಿಚ್ ಕಳೆದು, ಅದಕ್ಕೆ ಹತ್ತಿರದ ಡ್ರಿಲ್ ಹಾಕಿ. 6.8 ಮತ್ತು 8.5.

ಚಿತ್ರದುರ್ಗದ ಐಟಿಐ ವಿದ್ಯಾರ್ಥಿ: ಕೈಟ್ಯಾಪಿನ ಮೂರರ ಸೆಟ್ಟಿನಲ್ಲಿ ಮೊದಲನೆಯದನ್ನು ಗುರುತಿಸುವುದು ಹೇಗೆ?

ಫೋರ್‌ಮನ್: ಹಿಡಿಯ ಬಳಿ ಒಂದು ಗೆರೆಯಿದ್ದರೆ ಮೊದಲನೆಯದು, ಎರಡಿದ್ದರೆ ಎರಡನೆಯದು, ಗೆರೆಯಿಲ್ಲದ್ದು ಕೊನೆಯದು. ಗೆರೆಗಳಿರುವ ಇಂಥ ಸೆಟ್ಟಿನಲ್ಲಿ ಪೂರ್ಣ ಅಳತೆ ಬರುವುದು ಕೊನೆಯದರಲ್ಲಿ ಮಾತ್ರ. ಮೂರೂ ಒಂದೇ ವ್ಯಾಸದವಾಗಿದ್ದು ಮೊನೆ ಮಾತ್ರ ಬೇರೆಯಿರುವ ಸೆಟ್ಟುಗಳೂ ಇವೆ. ಅಲ್ಲಿ ಆರಪಾರ ರಂಧ್ರಕ್ಕೆ ಮೊದಲನೆಯದೊಂದೇ ಸಾಕು. ಒಳ್ಳೆಯ ಪ್ರಶ್ನೆ.

ತುಮಕೂರಿನ ಸದಸ್ಯರು: ಬೇರೊಂದು ಗುಂಪಿನಿಂದ ಬಂದದ್ದನ್ನು ಹಂಚುತ್ತಿದ್ದೇನೆ. ಸ್ಟೇನ್‌ಲೆಸ್ಸಿಗೆ ಟ್ಯಾಪ್ ಹೊಡೆಯುವಾಗ ಕಾರ್ಬನ್ ಟೆಟ್ರಾಕ್ಲೋರೈಡ್ ನಾಲ್ಕು ಹನಿ ಬಿಟ್ಟರೆ ಲೋಹ ಬೆಣ್ಣೆಯಂತೆ ಕತ್ತರಿಸುತ್ತದೆಯಂತೆ. ಹಳೆಯ ಕಾಲದವರ ಗುಟ್ಟು, ಎಲ್ಲರಿಗೂ ತಲುಪಿಸಿ.

ಫೋರ್‌ಮನ್: ದಯವಿಟ್ಟು ಯಾರಿಗೂ ತಲುಪಿಸಬೇಡಿ. ಅದು ಉಸಿರಿನಿಂದಲೂ ಚರ್ಮದಿಂದಲೂ ಒಳಗೆ ಹೋಗಿ ಯಕೃತ್ತನ್ನೂ ಮೂತ್ರಪಿಂಡವನ್ನೂ ಕೆಡಿಸುತ್ತದೆ, ಮದ್ಯ ಸೇವಿಸುವವರಲ್ಲಿ ಇನ್ನೂ ಬೇಗ; ಕಾದ ಲೋಹಕ್ಕೆ ತಗುಲಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟಬಹುದು. ಓಜೋನ್ ಪದರಕ್ಕೂ ಮಾರಕವಾದ್ದರಿಂದ ಮಾಂಟ್ರಿಯಲ್ ಒಪ್ಪಂದದಡಿ ಭಾರತವು 2010ರ ಹೊತ್ತಿಗೆ ಅದರ ಇಂಥ ಬಳಕೆಯನ್ನು ಕೈಬಿಟ್ಟಿದೆ. ಗಂಧಕ ಬೆರೆತ ದಪ್ಪ ಕಟಿಂಗ್ ಆಯಿಲ್ ಅದೇ ಕೆಲಸವನ್ನು ಯಾರನ್ನೂ ಆಸ್ಪತ್ರೆಗೆ ಕಳಿಸದೆ ಮಾಡುತ್ತದೆ.

ಬೊಮ್ಮಸಂದ್ರದ ಸದಸ್ಯರು: ಇಷ್ಟೆಲ್ಲ ಚಿಪ್ಸಿನ ತಾಪತ್ರಯವೇಕೆ? ಫಾರ್ಮ್ ಟ್ಯಾಪ್ ಹಾಕಿ. ಅದು ಕತ್ತರಿಸುವುದೇ ಇಲ್ಲ, ಲೋಹವನ್ನು ಒತ್ತಿ ಥ್ರೆಡ್ ಮೂಡಿಸುತ್ತದೆ. ನಮ್ಮಲ್ಲಿ ಎಲ್ಲ ಕೆಲಸಕ್ಕೂ ಅದೊಂದೇ.

ಬೆಳಗಾವಿಯ ಸದಸ್ಯರು: ಎಲ್ಲ ಕೆಲಸಕ್ಕೂ ಎಂದರೆ ಬೀಡು ಕಬ್ಬಿಣಕ್ಕೂ ಹಾಕುತ್ತೀರಾ? ಉದ್ಯಮಬಾಗಿನಲ್ಲಿ ಎರಕದ ನಡುವೆಯೇ ನನ್ನ ಜೀವಮಾನ ಕಳೆದಿದೆ. ಬೀಡು ಒತ್ತಿದರೆ ಹರಿಯುವುದಿಲ್ಲ, ಪುಡಿಯಾಗುತ್ತದೆ.

ಬೊಮ್ಮಸಂದ್ರದ ಸದಸ್ಯರು: ಬೀಡಿನ ಮಾತು ಇಲ್ಲಿ ಯಾರೂ ಎತ್ತಿರಲಿಲ್ಲ. ನಾವು ಅಲ್ಯೂಮಿನಿಯಂ ಕೆಲಸದವರು.

ಬೆಳಗಾವಿಯ ಸದಸ್ಯರು: ಹಾಗಾದರೆ ಅಲ್ಯೂಮಿನಿಯಂಗೆ ಎಂದು ಬರೆಯಬೇಕಿತ್ತು. ನಿಮ್ಮ ಮಾತು ನಂಬಿ ನಾಳೆ ಯಾರೋ ಒಬ್ಬ ಪಂಪಿನ ಕವಚವನ್ನು ಒಡೆದುಕೊಂಡರೆ ನೀವು ಎರಕ ಹೊಯ್ದು ಕೊಡುತ್ತೀರಾ?

ಬೊಮ್ಮಸಂದ್ರದ ಸದಸ್ಯರು: ಕೈಟ್ಯಾಪ್ ಕಾಲದವರಿಗೆ ವಿವರಿಸುತ್ತಾ ಕೂರಲು ನನಗೆ ಸಮಯವಿಲ್ಲ.

ಫೋರ್‌ಮನ್: ಇಬ್ಬರೂ ನಿಲ್ಲಿಸಿ. ಬೀಡಿನ ವಿಷಯದಲ್ಲಿ ಬೆಳಗಾವಿಯವರ ಮಾತು ಸರಿ. ಅದಕ್ಕೆ ನೇರ ಕಾಲುವೆಯ ಟ್ಯಾಪೇ ಬೇಕು, ಎಣ್ಣೆ ಹಾಕಿದರೆ ಪುಡಿ ಕೆಸರಾಗುತ್ತದೆ. ಅಲ್ಯೂಮಿನಿಯಂನಲ್ಲಿ ಫಾರ್ಮ್ ಟ್ಯಾಪ್ ನಿಜಕ್ಕೂ ಚೆನ್ನ, ಆದರೆ ಎಂ8ಕ್ಕೆ 6.8 ಅಲ್ಲ, 7.4 ಡ್ರಿಲ್ ಬೇಕೆಂಬುದನ್ನು ಬೊಮ್ಮಸಂದ್ರದವರು ಹೇಳಲೇ ಇಲ್ಲ. 6.8ರ ರಂಧ್ರಕ್ಕೆ ಹಾಕಿದರೆ ಟ್ಯಾಪ್ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ.

ದಾವಣಗೆರೆಯ ಸದಸ್ಯರು: ಎಂ8ಕ್ಕೆ ಡ್ರಿಲ್ ಎಷ್ಟು?

ಫೋರ್‌ಮನ್: ಮೇಲೆ ಓದಿ.

ಮೈಸೂರಿನ ಸದಸ್ಯರು: ಅರ್ಧ ಇಂಚಿನ ಪೈಪ್ ಥ್ರೆಡ್ ಹೊಡೆದಿದ್ದೇನೆ. ಫಿಟ್ಟಿಂಗ್ ಎರಡು ಮೂರು ಸುತ್ತು ಚೆನ್ನಾಗಿ ಹೋಗಿ ಬಿಗಿಯುತ್ತದೆ, ಆದರೆ ಟೇಪ್ ಸುತ್ತಿದರೂ ಸೋರುತ್ತದೆ.

ಫೋರ್‌ಮನ್: ಒಂದು ಬಿಎಸ್‌ಪಿ (ಬ್ರಿಟಿಷ್ ಪೈಪ್ ಥ್ರೆಡ್), ಇನ್ನೊಂದು ಎನ್‌ಪಿಟಿ (ಅಮೆರಿಕದ ಪೈಪ್ ಥ್ರೆಡ್) ಇರಬೇಕು. ಅರ್ಧ ಇಂಚಿನಲ್ಲಿ ಎರಡಕ್ಕೂ ಇಂಚಿಗೆ 14 ಹಲ್ಲು, ಅದಕ್ಕೇ ಮೋಸ ಹೋಗುತ್ತೀರಿ. ಹಲ್ಲಿನ ಕೋನ ಮಾತ್ರ ಬೇರೆ, ಕ್ರಮವಾಗಿ 55 ಮತ್ತು 60 ಡಿಗ್ರಿ. ಟೇಪಿನಿಂದ ಕೋನ ಬದಲಾಗುವುದಿಲ್ಲ.

ಗದಗಿನ ಸದಸ್ಯರು: ಎಡಸುತ್ತಿನ ಟ್ಯಾಪ್ ಎಂ14 ಅಳತೆಯಲ್ಲಿ ಎಲ್ಲಿ ಸಿಗುತ್ತದೆ?

ತುಮಕೂರಿನ ಸದಸ್ಯರು: ಎಂ8ಕ್ಕೆ ಡ್ರಿಲ್ ಅಳತೆ ಯಾರಾದರೂ ತಿಳಿಸಿ, ಫೋರ್‌ಮನ್‌ರಿಗೆ ಕೋಪ ಬಂದಂತಿದೆ.

ಪೀಣ್ಯದ ಸದಸ್ಯರು: ಮಸೂರದಲ್ಲಿ ನೋಡಿದೆವು, ಗನ್ ಟ್ಯಾಪೇ ಆಗಿತ್ತು. ಆಳವನ್ನು ತುದಿಯಿಂದಲೇ ಅಳೆದಿದ್ದೆವು. ಗ್ರಾಹಕರು 14 ಮಿ.ಮೀ. ಥ್ರೆಡ್ ಸಾಕೆಂದು ಒಪ್ಪಿದ್ದಾರೆ. ಸ್ಪೈರಲ್ ಫ್ಲೂಟ್ ಹಾಕಿದ ಮೇಲೆ 36 ರಂಧ್ರ ಒಂದೇ ಟ್ಯಾಪಿನಲ್ಲಿ ಮುಗಿದಿವೆ. ಮೊದಲೇ ಮುರಿದು ಉಳಿದಿರುವ ನಾಲ್ಕನ್ನು ನೈಟ್ರಿಕ್ ಆಸಿಡ್‌ನಲ್ಲಿ ಕರಗಿಸಬಹುದೆಂದು ಒಬ್ಬರು ಸಂದೇಶ ಕಳಿಸಿದ್ದಾರೆ. ಮತ್ತೊಬ್ಬರು ಪಟಿಕದ ನೀರಿನಲ್ಲಿ ಕುದಿಸಲು ಹೇಳುತ್ತಾರೆ.

ಫೋರ್‌ಮನ್: ಪಟಿಕದ ಬಿಸಿ ದ್ರಾವಣ ಅಲ್ಯೂಮಿನಿಯಂ ಇಲ್ಲವೇ ಹಿತ್ತಾಳೆಯ ಬ್ಲಾಕಿನಲ್ಲಿ ಸಿಕ್ಕಿಕೊಂಡ ಉಕ್ಕಿನ ಟ್ಯಾಪಿಗೆ ಕೆಲಸ ಮಾಡುತ್ತದೆ, ನಿಮ್ಮದು ಅದಲ್ಲ. ನೈಟ್ರಿಕ್ ಆಮ್ಲವನ್ನು 304 ತಡೆದುಕೊಳ್ಳುತ್ತದೆ ಎಂಬುದು ನಿಜವೇ. ಆದರೆ ಟ್ಯಾಪ್ ಕರಗುವಾಗ ಏಳುವ ಕಂದು ಹೊಗೆ ಆ ಕ್ಷಣಕ್ಕೆ ಬರೀ ಕೆಮ್ಮು ತರಿಸಿ, ಹಲವು ಗಂಟೆಗಳ ನಂತರ ಶ್ವಾಸಕೋಶದಲ್ಲಿ ನೀರು ತುಂಬಿಸಬಲ್ಲದು, ಅಷ್ಟರಲ್ಲಿ ನಿಮ್ಮ ಹುಡುಗ ಮನೆಗೆ ಹೋಗಿ ಮಲಗಿರುತ್ತಾನೆ. ಸ್ಪಾರ್ಕ್ ಇರೋಷನ್ (ವಿದ್ಯುತ್ ಕಿಡಿಯಿಂದ ಲೋಹ ಸುಟ್ಟು ತೆಗೆಯುವುದು) ಮಾಡುವವರ ಬಳಿ ಒಯ್ಯಿರಿ. ಟ್ಯಾಪಿನ ಪೂರ್ತಿ ವ್ಯಾಸ ಸುಡಬೇಡಿ, ನಡುವಿನ ತಿರುಳಷ್ಟನ್ನೇ ತೆಗೆಯಿರಿ ಎಂದು ಅವರಿಗೆ ಹೇಳಿ. ಉಳಿದ ಹಲ್ಲಿನ ಚೂರುಗಳು ಸೂಜಿಗೆ ಬರುತ್ತವೆ, ಥ್ರೆಡ್ ಕೆಡುವುದಿಲ್ಲ.