ಪ್ರಿಪ್ರಿಂಟ್‌ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಬೆಳಗಾವಿಯಲ್ಲಿ ನಾವು ಕೆಲವರು ಸೇರಿ ಕಾಲೇಜು ಹುಡುಗರಿಗಾಗಿ ಕನ್ನಡದಲ್ಲಿ ಒಂದು ಸಣ್ಣ ವಿಜ್ಞಾನ ಪತ್ರಿಕೆ ತರುತ್ತೇವೆ. ಈ ಸಲ ಪ್ರಿಪ್ರಿಂಟ್ ಬಗ್ಗೆ ಲೇಖನ ಇದೆ, ಪದದ ಮೇಲೆ ನಮ್ಮಲ್ಲೇ ಜಗಳ ಹತ್ತಿದೆ. ಬಲ್ಲವರು ಬಗೆಹರಿಸಿ ಕೊಡಬೇಕು.

ವಿಷಯ ಗೊತ್ತಿಲ್ಲದವರಿಗೆ ಒಂದು ಮಾತು. ಸಂಶೋಧನಾ ಪ್ರಬಂಧವನ್ನು ಜರ್ನಲ್‌ಗೆ ಕಳಿಸಿದರೆ ಆ ವಿಷಯದ ಪರಿಣತರು ಓದಿ, ಪ್ರಶ್ನೆ ಕೇಳಿ, ತಿದ್ದಿಸಿ, ಒಪ್ಪುವ ಹೊತ್ತಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಕೆಲವೊಮ್ಮೆ ವರ್ಷವೇ ಕಳೆಯುತ್ತದೆ. ಅಷ್ಟು ದಿನ ಕಾಯದೆ ಎಲ್ಲರೂ ಪುಕ್ಕಟೆ ಓದುವ ಹಾಗೆ ನೆಟ್‌ನಲ್ಲಿ ಹಾಕಿಬಿಟ್ಟರೆ ಅದೇ ಪ್ರಿಪ್ರಿಂಟ್. ಭೌತಶಾಸ್ತ್ರದವರಿಗೆ ಇದು ಹಳೇದು, ಪಾಲ್ ಗಿನ್ಸ್‌ಪಾರ್ಗ್ 1991ರಲ್ಲೇ ಆರ್ಕೈವ್ (arXiv) ಅನ್ನುವ ಪ್ರಿಪ್ರಿಂಟ್ ತಾಣ ಶುರು ಮಾಡಿದರು. ಜೀವವಿಜ್ಞಾನಕ್ಕೆ ಬಯೋಆರ್ಕೈವ್ ಬಂದದ್ದು 2013ರಲ್ಲಿ, ವೈದ್ಯಕೀಯಕ್ಕೆ ಮೆಡ್‌ಆರ್ಕೈವ್ 2019ರಲ್ಲಿ.

ಈಗ ಜಗಳಕ್ಕೆ ಬರೋಣ. ಒಬ್ಬರು 'ಮುದ್ರಣಪೂರ್ವ ಪ್ರತಿ' ಅಂತಾರೆ. ನನಗೆ ಹಿಡಿಸಲಿಲ್ಲ, ಈಗಿನ ಎಷ್ಟೋ ಜರ್ನಲ್‌ಗಳೇ ಕಾಗದದ ಮೇಲೆ ಅಚ್ಚಾಗೋದಿಲ್ಲ. ಅದೂ ಅಲ್ಲದೆ ಗಣಿತಜ್ಞ ಗ್ರಿಗರಿ ಪೆರೆಲ್ಮನ್ ಪ್ವಾಂಕರೆಯ ಊಹೆ ಅನ್ನುವ ಗಣಿತದ ಹಳೇ ಸಮಸ್ಯೆಯನ್ನು ಸಾಧಿಸಿದ ಬರಹಗಳನ್ನು 2002-03ರಲ್ಲಿ ಆರ್ಕೈವ್‌ಗೆ ಹಾಕಿ ಸುಮ್ಮನಾದರು, ಜರ್ನಲ್‌ಗೆ ಕಳಿಸಲೇ ಇಲ್ಲ. ಅಚ್ಚೇ ಆಗದ್ದಕ್ಕೆ ಎಲ್ಲಿಯ ಪೂರ್ವ?

ಇನ್ನೊಬ್ಬರು 'ಕರಡು' ಸಾಕು ಅಂದರು. ಚಿಕ್ಕ ಪದ, ಬಾಯಿಗೆ ಸಲೀಸು. ಆದರೆ ಕರಡು ಅಂದರೆ ಬರೆದವನಿಗೇ ಇನ್ನೂ ಸಮಾಧಾನ ಇಲ್ಲ ಅಂತ ಅಲ್ವಾ? ಪ್ರಿಪ್ರಿಂಟ್ ಹಾಗಲ್ಲ. ಬರೆದವರ ಮಟ್ಟಿಗೆ ಅದು ಮುಗಿದ ಕೆಲಸ. ಅದಕ್ಕೆ ತಾರೀಖು, ನಂಬರ್ ಎರಡೂ ಇರುತ್ತವೆ, ತಿದ್ದಿದ ಪ್ರತಿ ಹಾಕಿದರೂ ಹಳೇದು ಅಲ್ಲೇ ಉಳಿಯುತ್ತದೆ.

ರವಿವಾರ ಪೇಟೆಯಲ್ಲಿ ಅಂಗಡಿ ಇಟ್ಟಿರುವ ಗೆಳೆಯರೊಬ್ಬರು 'ಕಚ್ಚಾ ಪ್ರಬಂಧ' ಅನ್ರಿ ಅಂದರು, ಕಚ್ಚಾ ಬಿಲ್ಲು ಪಕ್ಕಾ ಬಿಲ್ಲು ಇದ್ದ ಹಾಗೆ. ಮಜಾ ಇದೆ, ನಮ್ಮ ಕಡೆಯವರಿಗೆ ಥಟ್ಟನೆ ತಿಳಿಯುತ್ತದೆ. ಆದರೆ ಕಚ್ಚಾ ಬಿಲ್ಲು ಅಂದ ಕೂಡಲೇ ಟ್ಯಾಕ್ಸ್ ತಪ್ಪಿಸೋದೂ ನೆನಪಾಗುತ್ತದಲ್ಲ!

ನನ್ನ ಒಲವು 'ಪರಿಶೀಲನೆಗೆ ಮುಂಚಿನ ಪ್ರಬಂಧ' ಕಡೆಗೆ. ಉದ್ದ ಆಯಿತು, ಒಪ್ಪುತ್ತೇನೆ. ಆದರೆ ಓದುಗನಿಗೆ ಮೊದಲು ತಿಳಿಯಬೇಕಾದ್ದು ಬೇರೆಯವರು ಇದನ್ನು ನೋಡಿದ್ದಾರೋ ಇಲ್ಲವೋ ಅನ್ನೋದು. 2020ರ ಜನವರಿ ಕೊನೆಗೆ ದೆಹಲಿಯ ಸಂಶೋಧಕರು ಹೊಸ ಕೊರೊನಾ ವೈರಸ್‌ನಲ್ಲಿ ಎಚ್‌ಐವಿಯನ್ನು ಹೋಲುವ ತುಣುಕುಗಳಿವೆ ಅಂತ ಬಯೋಆರ್ಕೈವ್‌ಗೆ ಹಾಕಿದರು. ಜಗತ್ತಿನ ತುಂಬ ಟೀಕೆ ಬಂತು, ಎರಡೇ ದಿನದಲ್ಲಿ ಅವರೇ ವಾಪಸ್ ತೆಗೆದುಕೊಂಡರು. ಅದೇ ವರ್ಷ ಜೂನ್ 22ಕ್ಕೆ ಡೆಕ್ಸಾಮೆಥಾಸೋನ್ ಕೋವಿಡ್ ಸಾವು ತಗ್ಗಿಸುತ್ತದೆ ಅನ್ನುವ ಬ್ರಿಟನ್ನಿನ ಪ್ರಯೋಗದ ವಿವರ ಮೆಡ್‌ಆರ್ಕೈವ್‌ನಲ್ಲಿ ಬಂತು. ಜರ್ನಲ್‌ನಲ್ಲಿ ಬಂದದ್ದು ಜುಲೈ 17ಕ್ಕೆ. ಅಗ್ಗದ ಔಷಧ, ವೆಂಟಿಲೇಟರ್ ಮೇಲಿದ್ದವರ ಸಾವನ್ನು ಮೂರನೇ ಒಂದರಷ್ಟು ಇಳಿಸಿತ್ತು, ಅಂಥ ಸುದ್ದಿ ಮೂರು ವಾರ ಮೊದಲು ಸಿಗೋದು ಸಣ್ಣ ಮಾತಲ್ಲ. ಎರಡೂ ಪ್ರಿಪ್ರಿಂಟೇ. ಆದರೆ ಪೇಪರ್‌ನವರು ಇಂಥದ್ದಕ್ಕೆಲ್ಲ 'ಸಂಶೋಧನೆ ಪ್ರಕಟವಾಗಿದೆ' ಅಂತ ಒಂದೇ ಸಾಲು ಬರೆದು ಮುಗಿಸುತ್ತಾರೆ, ಅದೇ ನನ್ನ ತಕರಾರು.

ಹಾಗಂತ 'ಖಚಿತವಲ್ಲದ ಪ್ರಬಂಧ' ಅನ್ನೋದೂ ಬೇಡ. ಪರಿಣತರು ನೋಡಿ ಒಪ್ಪಿದ್ದೆಲ್ಲ ಖಚಿತ ಅಂತ ಅರ್ಥ ಬಂದುಬಿಡುತ್ತದೆ. ಮಲೇರಿಯಾ ಔಷಧ ಹೈಡ್ರಾಕ್ಸಿಕ್ಲೋರೋಕ್ವಿನ್ ಬಗ್ಗೆ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಜರ್ನಲ್‌ನಲ್ಲಿ, ಪರಿಣತರು ಒಪ್ಪಿದ ಮೇಲೆಯೇ 2020ರ ಮೇನಲ್ಲಿ ಬಂದ ಪ್ರಬಂಧ ಜೂನ್‌ನಲ್ಲೇ ರದ್ದಾಯಿತು.

ಒಂದೇ ತೊಡಕು. ಇಲೈಫ್ ಅನ್ನುವ ಜರ್ನಲ್ 2023ರಿಂದ ರೀತಿಯನ್ನೇ ಬದಲಿಸಿದೆ. ಪರಿಶೀಲನೆಗೆ ತೆಗೆದುಕೊಂಡ ಪ್ರಿಪ್ರಿಂಟನ್ನು ಆಮೇಲೆ ಪಾಸು ಫೇಲು ಮಾಡೋದಿಲ್ಲ, ಪರಿಣತರ ಅಭಿಪ್ರಾಯವನ್ನೂ ಜೊತೆಗೆ ಸೇರಿಸಿ ಪ್ರಕಟಿಸುತ್ತದೆ. ಅಂದರೆ ಪರಿಶೀಲನೆ ಆದಮೇಲೂ ಅದು ಪ್ರಿಪ್ರಿಂಟೇ! ಅದನ್ನು 'ಪರಿಶೀಲನೆಯಾದ, ಪರಿಶೀಲನೆಗೆ ಮುಂಚಿನ ಪ್ರಬಂಧ' ಅಂತ ಬರೆದರೆ ಹುಡುಗರು ನಗುತ್ತಾರೆ. ಇದಕ್ಕೂ ಹೊಂದುವ ಪದ ಯಾರಿಗಾದರೂ ಹೊಳೆಯುತ್ತಾ, ಅಥವಾ 'ಪ್ರಿಪ್ರಿಂಟ್' ಅಂತಲೇ ಇಟ್ಟುಕೊಂಡು ಪಕ್ಕದಲ್ಲಿ 'ಪರಿಶೀಲನೆ ಆಗಿದೆ', 'ಆಗಿಲ್ಲ' ಅಂತ ಬರೆಯೋದೇ ವಾಸಿನಾ?