ಮನೆ ಮಂದಿ ಗುಂಪಿನಲ್ಲಿ ಅವ್ವನ ಮಾತ್ರೆಯ ಜಗಳ

ಕಾಕಾ ಹಾಕಿದ ಫಾರ್ವರ್ಡ್: ಕ್ಯಾಲ್ಸಿಯಂ ಮಾತ್ರೆ ನುಂಗುವವರೇ ಎಚ್ಚರ! ಅದು ಕಿಡ್ನಿಯಲ್ಲಿ ಕಲ್ಲಾಗಿ ಕೂರುತ್ತದೆ. ಬೆಳಿಗ್ಗೆ ಎಳೆ ಬಿಸಿಲು, ಒಂದು ಲೋಟ ರಾಗಿ ಗಂಜಿ, ಇಷ್ಟೇ ಸಾಕು. ಹತ್ತು ಜನರಿಗೆ ಕಳಿಸಿ.

ಅತ್ತಿ: 🙏 ಒಳ್ಳೆ ಮಾಹಿತಿ.

ಕಾಕಾ: ಅದಕ್ಕೇ ನಿನ್ನೆಯಿಂದ ವೈನಿಗೆ ಮಾತ್ರೆ ನಿಲ್ಲಿಸಿ ಅಂದಿದ್ದೇನೆ. ಹೋದ ವರ್ಷ ಕಲ್ಲಿನ ನೋವಿಗೆ ಎಷ್ಟು ಒದ್ದಾಡಿದರು!

ನಾನು: ಕಾಕಾ, ಈಗಷ್ಟೇ ಅವ್ವನ ಜೊತೆ ಮಾತಾಡಿದೆ. ಬೆಳಿಗ್ಗೆಯಿಂದ ತುಟಿ ಸುತ್ತ ಜುಮ್ ಅಂತಿದೆಯಂತೆ. ಡಾಕ್ಟರಿಗೆ ಫೋನ್ ಮಾಡಿದೆ. ಮಾತ್ರೆ ಈಗಲೇ ಕೊಡಿ, ರಕ್ತ ಪರೀಕ್ಷೆಗೆ ತಕ್ಷಣ ಕರೆತನ್ನಿ ಅಂದರು. ನಾನು ಕೊಪ್ಪಳದಿಂದ ರಾಯಚೂರಿಗೆ ಬರಲು ಮೂರು ತಾಸು ಬೇಕು. ನೀವೇ ಕರೆದುಕೊಂಡು ಹೋಗಿ.

ಕಾಕಾ: ನಿಶ್ಶಕ್ತಿ ಇರಬೇಕು. ಕುತ್ತಿಗೆಯ ಗ್ರಂಥಿ ಆಪರೇಷನ್ ಆಗಿ ಬರೀ 12 ದಿನ. ಕಲ್ಲು ಮತ್ತೆ ಬಂದರೆ?

ನಾನು: ಕಲ್ಲು ಬಂದಿದ್ದು ಮಾತ್ರೆಯಿಂದ ಅಲ್ಲ. ಆಗ ಅವ್ವ ಒಂದು ಮಾತ್ರೆಯನ್ನೂ ನುಂಗುತ್ತಿರಲಿಲ್ಲ. ಥೈರಾಯ್ಡ್ ಹಿಂದೆ ಜೋಳದ ಕಾಳಿಗಿಂತ ತುಸು ದೊಡ್ಡವು, ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳಿವೆ. ಅವುಗಳಲ್ಲಿ ಒಂದು ಊದಿಕೊಂಡು ಎಲುಬಿನ ಕ್ಯಾಲ್ಸಿಯಂ ಎಳೆದು ರಕ್ತಕ್ಕೆ ಸುರಿಯುತ್ತಿತ್ತು. ಅದೇ ಮೂತ್ರಕ್ಕಿಳಿದು ಕಲ್ಲಾಯಿತು. ಆ ಗ್ರಂಥಿ ತೆಗೆದ ಮೇಲೆ ಎಲ್ಲಾ ತಿರುಗುಮುರುಗು. ಈಗ ಎಲುಬೇ ರಕ್ತದ ಕ್ಯಾಲ್ಸಿಯಂ ಹೀರುತ್ತಿದೆ. ಉಳಿದ ಮೂರು ಗ್ರಂಥಿ ಇಷ್ಟು ದಿನ ಕೆಲಸವಿಲ್ಲದೆ ಮಲಗಿದ್ದವು, ಏಳಲು ಸಮಯ ಬೇಕು. ಡಾಕ್ಟರು ಇದಕ್ಕೆ ‘ಹಂಗ್ರಿ ಬೋನ್’ ಅಂದರು. ಎಲುಬಿಗೆ ಹಸಿವು.

ನಾನು: ಆಪರೇಷನ್ ಆದ ಮೂರನೇ ದಿನ ರಾತ್ರಿ ಆಸ್ಪತ್ರೆಯಲ್ಲಿ ನಾನೇ ಇದ್ದೆ. ನರ್ಸಮ್ಮ ಬಿಪಿ ಪಟ್ಟಿ ಕಟ್ಟಿ ಗಾಳಿ ತುಂಬಿದರು. ಸ್ವಲ್ಪ ಹೊತ್ತಿಗೆ ಅವ್ವನ ಮಣಿಕಟ್ಟು ಬಾಗಿತು. ಬೆರಳುಗಳು ಒಂದಕ್ಕೊಂದು ಅಂಟಿ ನೆಟ್ಟಗಾದವು, ಹೆಬ್ಬೆರಳು ಅಂಗೈಯೊಳಗೆ ಸೇರಿತು. ಬಳೆ ತೊಡಿಸಿಕೊಳ್ಳುವಾಗ ಕೈ ಮುದುರುತ್ತೇವಲ್ಲ, ಹಾಗೆ. ನಾನು ಬಿಡಿಸಲು ನೋಡಿದೆ, ಬರಲಿಲ್ಲ. ಆವತ್ತು ಕ್ಯಾಲ್ಸಿಯಂ 6.9 ಇತ್ತು, ಇರಬೇಕಾದ್ದು 8.5ರ ಮೇಲೆ. ರಕ್ತನಾಳಕ್ಕೆ ಕ್ಯಾಲ್ಸಿಯಂ ಹಾಕಿದ ಮೇಲೆ ಕೈ ಸಡಿಲಾಯಿತು. ಆವತ್ತೂ ಮೊದಲು ತುಟಿಯೇ ಜುಮ್ ಅಂದಿದ್ದು ಕಾಕಾ.

ಅಣ್ಣ: ಮತ್ತೆ ನಮ್ಮೂರಲ್ಲಿ ಬಿಸಿಲಿಗೆ ಬರವಾ?

ನಾನು: ಬಿಸಿಲು ಮೈಗೆ ಬೀಳಬೇಕಲ್ವಾ ಅಣ್ಣಾ? ಬೇಸಿಗೆಯಲ್ಲಿ ಹತ್ತು ಗಂಟೆಗೇ ಬಾಗಿಲು ಹಾಕಿ ಕೂರುತ್ತೇವೆ. ಅವ್ವ ಹೊರಗೆ ಬರುವುದು ಆರೂವರೆಗೆ, ತಲೆ ಮೇಲೆ ಸೆರಗು. ಆ ಎಳೆ ಬಿಸಿಲಲ್ಲಿ ವಿಟಮಿನ್ ಡಿ ಮಾಡುವ ಕಿರಣ ತೀರಾ ಕಮ್ಮಿ. ರಕ್ತದಲ್ಲಿ ಡಿ 20ಕ್ಕಿಂತ ಕೆಳಗಿದ್ದರೆ ಕೊರತೆ, ಅವ್ವನದು 9 ಇತ್ತು. ಡಿ ಇಲ್ಲದೆ ತಿಂದ ಕ್ಯಾಲ್ಸಿಯಂ ಕರುಳಿಗೆ ಸರಿಯಾಗಿ ಹತ್ತುವುದಿಲ್ಲ. ಅದೂ ಅಲ್ಲದೆ ಬಿಸಿಲಿನ ಡಿ ಕಿಡ್ನಿಯಲ್ಲಿ ಹದವಾಗಬೇಕು. ಆ ಕೆಲಸಕ್ಕೆ ಇದೇ ಗ್ರಂಥಿಗಳ ಹಾರ್ಮೋನು ಬೇಕು. ಅದಕ್ಕೇ ಹದವಾಗಿ ಬಂದ ಡಿ, ಕ್ಯಾಲ್ಸಿಟ್ರಿಯಾಲ್ ಕೊಟ್ಟಿದ್ದಾರೆ. ರಾಗಿ ಗಂಜಿ ಕುಡಿಯಲಿ, ಒಳ್ಳೆಯದೇ. ಆದರೆ ಲೋಟಕ್ಕೆ 20 ಗ್ರಾಂ ಹಿಟ್ಟು ಹಾಕಿದರೆ ಸಿಗುವುದು 70 ಮಿಲಿಗ್ರಾಂ ಆಸುಪಾಸು. ಅವ್ವನ ಒಂದೊಂದು ಮಾತ್ರೆಯಲ್ಲಿ 500 ಇದೆ.

ಅತ್ತಿ: ನಾನು ಥೈರಾಯ್ಡ್ ಮಾತ್ರೆ, ಕ್ಯಾಲ್ಸಿಯಂ ಎರಡೂ ಬೆಳಿಗ್ಗೆ ಒಟ್ಟಿಗೆ ತಗೋತೀನಲ್ಲ?

ನಾನು: ಬೇಡ ಅತ್ತಿ, ನಾಲ್ಕು ತಾಸು ಅಂತರ ಇರಲಿ. ಕ್ಯಾಲ್ಸಿಯಂ ಆ ಮಾತ್ರೆಯನ್ನು ಮೈಗೆ ಹತ್ತಲು ಬಿಡುವುದಿಲ್ಲ.

ಕಾಕಾ: ಜಾಸ್ತಿ ಆದರೂ ತೊಂದರೆ ತಾನೇ?

ನಾನು: ಹೌದು, ಅದು ನಿಜ. ಜಾಸ್ತಿಯಾದರೆ ಕಿಡ್ನಿಗೆ ಪೆಟ್ಟು. ಅದಕ್ಕೇ ರಕ್ತ ನೋಡುತ್ತಾ ಡಾಕ್ಟರೇ ಮಾತ್ರೆ ಇಳಿಸುತ್ತಾರೆ. ಸುಮ್ನೆ ಒಂದೇ ದಿನಕ್ಕೆ ಬಿಡಬಾರದು. ಕ್ಯಾಲ್ಸಿಯಂ ತೀರಾ ಇಳಿದರೆ ಫಿಟ್ಸ್ ಬರಬಹುದು, ಎದೆ ಬಡಿತ ತಪ್ಪಬಹುದು. ನೀವು ಅವ್ವನ ಮೇಲಿನ ಕಾಳಜಿಗೇ ಹೇಳಿದ್ದು, ನನಗೆ ಗೊತ್ತು. ಈಗ ಹೊರಡಿ ಕಾಕಾ.

ಕಾಕಾ: ಮಾತ್ರೆ ಕೊಟ್ಟೆ. ಆಟೋ ಬಾಗಿಲಲ್ಲಿದೆ. ಫೈಲು ಎಲ್ಲಿ?

ನಾನು: ದೇವರ ಮನೆ ಪಕ್ಕದ ಗೂಡಲ್ಲಿ, ನೀಲಿ ಕವರು. ಮಾತ್ರೆ ಚೀಟಿನೂ ಅದರಲ್ಲೇ ಇದೆ.