ಪದಚರ್ಚೆ: ಕಾರಿನ ಸ್ಟೀರಿಯೊ ಜೋಡಣೆಯಲ್ಲಿ ‘ಧ್ವನಿವರ್ಧಕ’, ‘ಕೆಳಮಟ್ಟ’, ‘ಮೈನಸ್’ – ಯಾವ ಪದ ಬಳಸೋಣ?

ಮಾನ್ಯರೇ,

ಕಾರಿನ ವಿದ್ಯುತ್ ಕೆಲಸ ಕಲಿಯುತ್ತಿರುವ ಹುಡುಗರು ಓದಿಕೊಳ್ಳುವಂಥ ಪುಟ್ಟ ಕೈಪಿಡಿಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕಾರಿನ ಜೊತೆಯಲ್ಲೇ ಬಂದ ಆಂಪ್ಲಿಫೈಯರ್ ಮತ್ತು ತೀರಾ ತಗ್ಗಿನ ಸ್ವರಗಳನ್ನು ನುಡಿಸುವ ಸಬ್‌ವೂಫರನ್ನು ಹಾಗೆಯೇ ಉಳಿಸಿಕೊಂಡು, ಡ್ಯಾಶ್‌ಬೋರ್ಡಿನಲ್ಲಿರುವ ಹಳೆಯ ಸ್ಟೀರಿಯೊವನ್ನು ಮಾತ್ರ ತೆಗೆದು ಹೊಸದನ್ನು ಕೂಡಿಸುವುದು ಅದರ ಒಂದು ಅಧ್ಯಾಯದ ವಿಷಯ. ಕೆಲಸದ ಕ್ರಮದಲ್ಲಿ ಗೊಂದಲವಿಲ್ಲ. ಅದನ್ನು ಕನ್ನಡದಲ್ಲಿ ಹೇಳಲು ಹೊರಟಾಗ ಕೆಲವು ಪದಗಳು ಎರಡೆರಡು ಅರ್ಥ ಕೊಟ್ಟು ದಾರಿ ತಪ್ಪಿಸುತ್ತಿವೆ. ಓದಿದವರು ತಪ್ಪು ತಿಳಿದು ತಂತಿ ಕೂಡಿಸಿದರೆ ಸಾವಿರಾರು ರೂಪಾಯಿಯ ಸೆಟ್ಟು ಒಂದು ಕ್ಷಣದಲ್ಲಿ ಸುಟ್ಟುಹೋಗಬಹುದಾದ್ದರಿಂದ, ಪದಗಳನ್ನು ಗಟ್ಟಿಮಾಡಿಕೊಳ್ಳುವ ಮೊದಲು ಬಳಗದವರ ಅಭಿಪ್ರಾಯ ಕೇಳುವುದು ಸರಿಯೆನಿಸಿತು.

ಮೊದಲಿಗೆ ‘ಧ್ವನಿವರ್ಧಕ’. ಪದವನ್ನು ಬಿಡಿಸಿದರೆ ಧ್ವನಿಯನ್ನು ಹೆಚ್ಚಿಸುವಂಥದ್ದು, ಅಂದರೆ ಆಂಪ್ಲಿಫೈಯರ್. ಬಳಕೆಯಲ್ಲಿ ಅದು ಲೌಡ್‌ಸ್ಪೀಕರ್. 2000ದ ಶಬ್ದಮಾಲಿನ್ಯ ನಿಯಮಗಳನ್ನು ಉಲ್ಲೇಖಿಸಿ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ ಎಂದು ಪತ್ರಿಕೆಗಳು ಬರೆದಾಗ ಓದುಗರ ಕಣ್ಣ ಮುಂದೆ ಬರುವುದು ಕಂಬಕ್ಕೆ ಕಟ್ಟಿದ ಕಹಳೆಯಾಕಾರದ ಸ್ಪೀಕರೇ ಹೊರತು ಮೇಜಿನ ಮೇಲಿನ ಪೆಟ್ಟಿಗೆಯಲ್ಲ. ಆಡುಮಾತಿನಲ್ಲಂತೂ ಅದಕ್ಕೆ ‘ಮೈಕ್’ ಎಂಬ ಹೆಸರೂ ಇದೆ. ‘ದೇವಸ್ಥಾನದಲ್ಲಿ ಮೈಕ್ ಹಾಕಿದ್ದಾರೆ’ ಎಂದರೆ ಹಾಡು ಊರಿಗೆಲ್ಲ ಕೇಳುತ್ತಿದೆ ಎಂದೇ ಅರ್ಥ. ಮಾತನ್ನು ಹಿಡಿಯುವ ಸಾಧನ, ಹಿಗ್ಗಿಸುವ ಸಾಧನ, ಹೊರಗೆ ಬಿಡುವ ಸಾಧನ ಮೂರೂ ಸಭೆ ಸಮಾರಂಭಗಳ ಮಟ್ಟಿಗೆ ಒಂದೇ ಹೆಸರಿನಲ್ಲಿ ನಡೆದುಕೊಂಡು ಬಂದಿವೆ, ಅಲ್ಲಿ ಅದರಿಂದ ಯಾರಿಗೂ ತೊಂದರೆಯಾಗಿಲ್ಲ.

ಕಾರಿನಲ್ಲಿ ತೊಂದರೆಯಾಗುತ್ತದೆ. ‘ಸ್ಟೀರಿಯೊದ ತಂತಿಗಳನ್ನು ಧ್ವನಿವರ್ಧಕಕ್ಕೆ ಜೋಡಿಸಿ’ ಎಂದು ಬರೆದರೆ ಒಬ್ಬರು ಸೀಟಿನ ಕೆಳಗಿರುವ ಆಂಪ್ಲಿಫೈಯರಿಗೆ ಜೋಡಿಸುತ್ತಾರೆ, ಇನ್ನೊಬ್ಬರು ಅದನ್ನು ಬಿಟ್ಟು ನೇರವಾಗಿ ಬಾಗಿಲಿನ ಸ್ಪೀಕರಿಗೆ ಎಳೆಯುತ್ತಾರೆ. ಆಂಪ್ಲಿಫೈಯರ್ ಸಮೇತ ಬರುವ ಕೆಲವು ಕಾರುಗಳ ಸ್ಪೀಕರುಗಳು 2 ಓಮ್ (ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ) ಅಥವಾ ಅದಕ್ಕೂ ಕಡಿಮೆಯವು. ಹೊರಗೆ ಸಿಗುವ ಸ್ಟೀರಿಯೊಗಳು ಸಾಮಾನ್ಯವಾಗಿ 4ರಿಂದ 8 ಓಮ್‌ವರೆಗಿನ ಸ್ಪೀಕರುಗಳಿಗೆಂದು ತಯಾರಾದವು. ಎರಡನೆಯವರು ಕೂಡಿಸಿದ ಸೆಟ್ಟು ಬಿಸಿಯೇರಿ ತಾನಾಗಿ ನಿಂತುಬಿಡಬಹುದು, ಕೆಟ್ಟೂ ಹೋಗಬಹುದು. ಕಾರು ತಯಾರಕರೇ ಅಳವಡಿಸಿ ಕೊಟ್ಟ ಇಂಥ ವ್ಯವಸ್ಥೆಗಳಲ್ಲಿ ಮೊದಮೊದಲ ಹೆಸರಾಂತ ಉದಾಹರಣೆ, ಜನರಲ್ ಮೋಟಾರ್ಸ್ ಮತ್ತು ಬೋಸ್ ಕೂಡಿ 1983ರ ಮಾದರಿಯ ಕ್ಯಾಡಿಲಾಕ್ ಸೆವಿಲ್ ಮುಂತಾದ ಕಾರುಗಳಿಗೆ ಮಾಡಿಕೊಟ್ಟದ್ದು. ಅದರಲ್ಲಿ ಪ್ರತಿಯೊಂದು ಸ್ಪೀಕರ್ ಪೆಟ್ಟಿಗೆಯೊಳಗೂ ಅದರದೇ ಆಂಪ್ಲಿಫೈಯರ್ ಇತ್ತು. ಅಂಥ ಪೆಟ್ಟಿಗೆಯನ್ನು ಧ್ವನಿವರ್ಧಕ ಎಂದರೆ ಎರಡೂ ಅರ್ಥದಲ್ಲಿ ಸರಿಹೋಗುತ್ತಿತ್ತು. ಈಗಿನ ಬಹುತೇಕ ಕಾರುಗಳಲ್ಲಿ ಆಂಪ್ಲಿಫೈಯರ್ ಒಂದು ಕಡೆ, ಸ್ಪೀಕರುಗಳು ಇನ್ನೊಂದು ಕಡೆ ಇರುವುದರಿಂದ ಒಂದೇ ಪದ ಎರಡಕ್ಕೂ ಸಲ್ಲದು.

‘ವರ್ಧಕ’ ಎಂದಷ್ಟೇ ಬರೆಯಬಹುದೇ ಎಂದು ಯೋಚಿಸಿದೆ. ಬಲವರ್ಧಕ, ಆರೋಗ್ಯವರ್ಧಕಗಳ ಸಹವಾಸದಿಂದ ಅದಕ್ಕೆ ಔಷಧಿ ಅಂಗಡಿಯ ವಾಸನೆ ಹತ್ತಿದೆ, ಮೇಲಾಗಿ ಬೆಂಗಳೂರಿನ ಜೆ.ಸಿ. ರಸ್ತೆಯ ವಾಹನ ಬಿಡಿಭಾಗಗಳ ಅಂಗಡಿಗೆ ಹೋಗಿ ವರ್ಧಕ ಕೇಳಿದರೆ ಯಾರೂ ಕೊಡಲಾರರು. ಆದ್ದರಿಂದ ಆಂಪ್ಲಿಫೈಯರ್, ಸ್ಪೀಕರ್ ಎಂಬ ಪದಗಳನ್ನೇ ಇಟ್ಟುಕೊಂಡು, ‘ವರ್ಧಿಸು’ ಎಂಬ ಕ್ರಿಯಾಪದವನ್ನು ಮಾತ್ರ ಉಳಿಸಿಕೊಳ್ಳುವುದು ನನ್ನ ಸದ್ಯದ ತೀರ್ಮಾನ. ಭಿನ್ನಾಭಿಪ್ರಾಯವಿದ್ದರೆ ತಿಳಿಸಿ.

ಎರಡನೆಯದು, ಕಾರಿನೊಂದಿಗೆ ಬಂದದ್ದು ಮತ್ತು ಹೊರಗೆ ಕೊಂಡದ್ದು ಎಂಬ ಭೇದ. ‘ಕಾರ್ಖಾನೆಯ ಆಂಪ್ಲಿಫೈಯರ್’ ಎಂದರೆ ಕಾರ್ಖಾನೆಗೆ ಸೇರಿದ ಆಂಪ್ಲಿಫೈಯರ್ ಎಂದಾಗುತ್ತದೆ. ಗ್ಯಾರೇಜುಗಳಲ್ಲಿ ‘ಕಂಪನಿ ಫಿಟ್ಟಿಂಗ್’ ಎನ್ನುತ್ತಾರೆ, ಆದರೆ ‘ಕಂಪನಿ ಸೆಟ್’ ಎಂಬುದಕ್ಕೆ ಹೆಸರುವಾಸಿ ತಯಾರಕರ ಅಸಲಿ ಸೆಟ್ಟು ಎಂಬ ಅರ್ಥವೂ ಇದೆ, ಅದನ್ನು ಅಂಗಡಿಯಲ್ಲಿ ಕೊಂಡಿರಬಹುದು. ಇದರ ನಡುವೆ ಶೋರೂಮಿನವರು ಕಾರು ಕೊಡುವ ಮುನ್ನ ತಾವೇ ಹಾಕಿಕೊಡುವ ಸೆಟ್ಟು ಬೇರೆ. ಮಾಲೀಕರ ಮಟ್ಟಿಗೆ ಅದು ಕಂಪನಿಯದು, ತಂತಿಗಳ ಮಟ್ಟಿಗೆ ಹೊರಗಿನದು. ನನಗೆ ಹಿಡಿಸಿದ ದಾರಿಯೆಂದರೆ ನಾಮಪದವನ್ನು ಹುಡುಕದೆ ಕ್ರಿಯಾಪದಕ್ಕೆ ಕೆಲಸ ಕೊಡುವುದು: ‘ಜೊತೆಗೆ ಬಂದ ಆಂಪ್ಲಿಫೈಯರ್’, ‘ಆಮೇಲೆ ಹಾಕಿಸಿದ ಸ್ಟೀರಿಯೊ’. ‘ಹಾಕಿಸಿದ’ ಎಂಬ ಒಂದು ರೂಪದಲ್ಲೇ ಇನ್ನೊಬ್ಬರ ಕೈಯಿಂದ ಮಾಡಿಸಿದ್ದು ಎಂಬುದೂ ಬಂದುಬಿಡುತ್ತದೆ. ಬಂದ, ಹಾಕಿಸಿದ ಎಂಬ ಈ ಜೋಡಿ ಶೋರೂಮಿನ ಸೆಟ್ಟನ್ನೂ ಸರಿಯಾದ ಗುಂಪಿಗೆ ಸೇರಿಸುತ್ತದೆ.

ಮೂರನೆಯದು ಸಂಕೇತದ, ಅಂದರೆ ತಂತಿಯಲ್ಲಿ ಹಾಡನ್ನು ಹೊತ್ತು ತರುವ ಸಿಗ್ನಲ್ಲಿನ, ಮಟ್ಟ. ಹೊಸ ಸ್ಟೀರಿಯೊದಿಂದ ಹಾಡು ಎರಡು ಬಗೆಯಲ್ಲಿ ಹೊರಗೆ ಬರುತ್ತದೆ. ಒಂದು, ಹಿಂಭಾಗದ ಆರ್‌ಸಿಎ ಎಂಬ ದುಂಡನೆಯ ಕಿಂಡಿಗಳಿಂದ ಬರುವ, ಗರಿಷ್ಠ 2 ಅಥವಾ 4 ವೋಲ್ಟಿನಷ್ಟಿರುವ, ಇನ್ನೂ ವರ್ಧಿಸದ ಸಂಕೇತ. ಇನ್ನೊಂದು, ಸೆಟ್ಟಿನೊಳಗಿನ ಚಿಪ್ ಆಗಲೇ ವರ್ಧಿಸಿ ಸ್ಪೀಕರ್ ತಂತಿಗಳಿಗೆ ಕೊಡುವ ಸಂಕೇತ. ಕೆಲಸಗಾರರು ಇವನ್ನು ‘ಲೋ ಲೆವೆಲ್’, ‘ಹೈ ಲೆವೆಲ್’ ಎನ್ನುತ್ತಾರೆ. ಇವಕ್ಕೆ ‘ಕೆಳಮಟ್ಟದ ಸಂಕೇತ’, ‘ಉನ್ನತ ಮಟ್ಟದ ಸಂಕೇತ’ ಎಂದು ಬರೆದ ಕೂಡಲೇ ಕನ್ನಡದ ಓದುಗರಿಗೆ ಮೊದಲನೆಯದು ಕಳಪೆ, ಎರಡನೆಯದು ಶ್ರೇಷ್ಠ ಎಂದು ಕೇಳಿಸುತ್ತದೆ. ವಾಸ್ತವದಲ್ಲಿ, ಆಂಪ್ಲಿಫೈಯರ್ ಒಪ್ಪುವುದಾದರೆ ವರ್ಧಿಸದ ಸಂಕೇತವೇ ಶುದ್ಧ, ಏಕೆಂದರೆ ಅದು ಇನ್ನೊಂದು ವರ್ಧನೆಯ ಹಂತವನ್ನು ಹಾದು ಬಂದಿರುವುದಿಲ್ಲ. ಜೊತೆಗೆ ಬಂದ ಆಂಪ್ಲಿಫೈಯರುಗಳಲ್ಲಿ ಕೆಲವು ವರ್ಧಿಸದ್ದನ್ನು ಕೇಳುತ್ತವೆ, ಕೆಲವು ವರ್ಧಿಸಿದ್ದನ್ನು ಕೇಳುತ್ತವೆ; ಆ ಕಾರಿನ ವೈರಿಂಗ್ ನಕ್ಷೆ ನೋಡದೆ ಊಹಿಸಿ ಕೂಡಿಸುವ ಹಾಗಿಲ್ಲ. ತಪ್ಪಾದಾಗ ಒಂದೋ ಹಾಡು ಕ್ಷೀಣವಾಗಿ ಕೇಳುತ್ತದೆ, ಇಲ್ಲವೇ ವಾಲ್ಯೂಮ್ ತುಸು ಏರಿಸಿದರೂ ಧ್ವನಿ ಒಡೆಯುತ್ತದೆ. ನಾನು ‘ಮಟ್ಟ’ವನ್ನು ಪೂರ್ತಿ ಕೈಬಿಟ್ಟು ‘ವರ್ಧಿಸದ ಸಂಕೇತ’, ‘ವರ್ಧಿಸಿದ ಸಂಕೇತ’ ಎಂದು ಬರೆದಿದ್ದೇನೆ. ತುಸು ಉದ್ದವಾಯಿತು, ಆದರೆ ತಪ್ಪು ತಿಳಿಯಲು ಎಡೆಯಿಲ್ಲ.

ನಾಲ್ಕನೆಯದಕ್ಕೆ ನಿಮ್ಮ ಹೆಚ್ಚಿನ ಗಮನ ಬೇಡುತ್ತೇನೆ. ಗ್ಯಾರೇಜಿನ ಮಾತಿನಲ್ಲಿ ‘ಮೈನಸ್’ ಮತ್ತು ‘ಅರ್ತ್’ ಎಂಬೆರಡು ಪದಗಳು ಒಂದರ ಬದಲು ಇನ್ನೊಂದು ಸಲೀಸಾಗಿ ಓಡಾಡುತ್ತವೆ. ಬ್ಯಾಟರಿಯ ಮೈನಸ್ ಕಾರಿನ ಕಬ್ಬಿಣದ ಮೈಗೆ (‘ಬಾಡಿ’ ಎನ್ನುವುದು ಇದನ್ನೇ) ಕೂಡಿರುವುದರಿಂದ ಹೆಡ್‌ಲೈಟು, ಹಾರ್ನುಗಳ ಮಟ್ಟಿಗೆ ಅದು ನಿಜವೂ ಹೌದು. ಸ್ಪೀಕರಿನ ಮೈನಸ್ ಹಾಗಲ್ಲ. ಈಗಿನ ಸ್ಟೀರಿಯೊಗಳಲ್ಲಿ ಪ್ಲಸ್, ಮೈನಸ್ ಎರಡೂ ತಂತಿಗಳನ್ನು ಚಿಪ್ಪೇ ನಡೆಸುತ್ತದೆ. ಹಾಡಿಲ್ಲದಾಗ ಎರಡೂ ಬ್ಯಾಟರಿ ವೋಲ್ಟೇಜಿನ ಸುಮಾರು ಅರ್ಧದಲ್ಲಿ ನಿಂತಿರುತ್ತವೆ. ಇದನ್ನು ಕಣ್ಣಾರೆ ನೋಡಬಹುದು. ಮುಂದಿನ ಎಡ ಸ್ಪೀಕರಿಗೆ ಹೋಗುವ ಎರಡು ತಂತಿಗಳಲ್ಲಿ ಒಂದು ಬರೀ ಬಿಳಿ, ಇನ್ನೊಂದು ಬಿಳಿಯ ಮೇಲೆ ಕಪ್ಪು ಗೆರೆಯದು. ಸೆಟ್ಟನ್ನು ಆನ್ ಮಾಡಿ, ಮಲ್ಟಿಮೀಟರಿನ ಕಡ್ಡಿಗಳನ್ನು ಈ ಎರಡು ತಂತಿಗಳಿಗೆ ಹಿಡಿದರೆ ಹೆಚ್ಚುಕಡಿಮೆ ಸೊನ್ನೆ ತೋರಿಸುತ್ತದೆ. ಕೆಂಪು ಕಡ್ಡಿಯನ್ನು ಕಪ್ಪು ಗೆರೆಯ ತಂತಿಯ ಮೇಲೆ ಇಟ್ಟು, ಕಪ್ಪು ಕಡ್ಡಿಯನ್ನು ಕಾರಿನ ಬಣ್ಣವಿಲ್ಲದ ಬೋಲ್ಟಿಗೆ ಮುಟ್ಟಿಸಿದರೆ ಸುಮಾರು 6 ವೋಲ್ಟ್ ತೋರಿಸುತ್ತದೆ. ‘ಮೈನಸ್’ ಎಂದು ಕರೆದ ಆ ತಂತಿಯನ್ನು ‘ಅರ್ತ್’ ಎಂದು ತಿಳಿದು ಕಾರಿನ ಮೈಗೆ ತಿರುಚಿ ಕಟ್ಟಿದರೆ ಚಿಪ್ ಕೆಡುವುದು ಇದೇ ಕಾರಣಕ್ಕೆ.

ಇದಕ್ಕೆ ಮೂರನೆಯ ‘ಮೈನಸ್’ ಒಂದು ಸೇರಿಕೊಳ್ಳುತ್ತದೆ: ಆರ್‌ಸಿಎ ಪಿನ್ನಿನ ಸುತ್ತಲಿನ ಲೋಹದ ಬಳೆ. ಜೊತೆಗೆ ಬಂದ ಅನೇಕ ಆಂಪ್ಲಿಫೈಯರುಗಳಿಗೆ ಪ್ರತಿ ಚಾನೆಲಿಗೂ ಪ್ಲಸ್, ಮೈನಸ್ ಎಂದು ಎರಡು ತಂತಿಗಳು ಹೋಗುತ್ತವೆ. ಅವುಗಳ ನಡುವಿನ ವ್ಯತ್ಯಾಸವನ್ನಷ್ಟೇ ಆಂಪ್ಲಿಫೈಯರ್ ಕೇಳಿಸಿಕೊಳ್ಳುವುದರಿಂದ ಹೊರಗಿನ ಗದ್ದಲ ಒಳಗೆ ನುಸುಳುವುದು ಕಡಿಮೆ. ಆರ್‌ಸಿಎಯಿಂದ ಕೂಡಿಸುವಾಗ ಈ ಮೈನಸ್ ತಂತಿಯನ್ನು ಲೋಹದ ಬಳೆಗೆ ಸೇರಿಸಬೇಕೇ ಹೊರತು ಕಾರಿನ ಮೈಗಲ್ಲ. ಮೈಗೆ ಸೇರಿಸಿದರೆ ಎಂಜಿನ್ ವೇಗಕ್ಕೆ ತಕ್ಕಂತೆ ಏರಿಳಿಯುವ ಕುಂಯ್ಯೆಂಬ ಸದ್ದು ಹಾಡಿನೊಳಗೆ ಬಂದು ಕೂರುವ ಸಂಭವವಿದೆ. ಸರ್ಕಾರಿ ಪ್ರಕಟಣೆಗಳಲ್ಲಿ ಕಾಣುವ ‘ಭೂಸಂಪರ್ಕ’ ಮನೆಯ ವಿದ್ಯುತ್ತಿಗೆ ಒಪ್ಪುತ್ತದೆ, ರಬ್ಬರ್ ಚಕ್ರದ ಮೇಲೆ ನಿಂತ ಕಾರಿಗೆ ಭೂಮಿಯ ಸಂಪರ್ಕವೇ ಇಲ್ಲ. ಹೀಗಾಗಿ ‘ಬಾಡಿ ಅರ್ತ್’, ‘ಸ್ಪೀಕರ್ ಮೈನಸ್’, ‘ಆರ್‌ಸಿಎ ಬಳೆ’ ಎಂದು ಮೂರು ಪದಗಳನ್ನು ಬೇರೆ ಬೇರೆಯಾಗಿಯೇ ಇಟ್ಟಿದ್ದೇನೆ. ಬರೀ ‘ಮೈನಸ್’, ಬರೀ ‘ಅರ್ತ್’ ಎಂಬುವನ್ನು ಇಡೀ ಅಧ್ಯಾಯದಲ್ಲಿ ಎಲ್ಲಿಯೂ ಬಳಸುವುದಿಲ್ಲ. ‘ಬಳೆ’ಗಿಂತ ಒಳ್ಳೆಯ ಪದ ಯಾರಿಗಾದರೂ ಹೊಳೆದರೆ ಸಂತೋಷದಿಂದ ಬದಲಿಸಿಕೊಳ್ಳುತ್ತೇನೆ.

ಐದನೆಯದು ಹೊಸ ಸ್ಟೀರಿಯೊದಿಂದ ಆಂಪ್ಲಿಫೈಯರಿಗೆ ಹೋಗುವ ನೀಲಿ-ಬಿಳಿ ತಂತಿ. ಇದನ್ನು ಎಲ್ಲರೂ ‘ರಿಮೋಟ್ ವೈರ್’ ಎನ್ನುತ್ತಾರೆ, ಹೊಸಬರು ಅದನ್ನು ಕೈಯಲ್ಲಿ ಹಿಡಿಯುವ ರಿಮೋಟಿಗೆ ಸಂಬಂಧಪಟ್ಟದ್ದೆಂದು ತಿಳಿದು ಕೂಡಿಸದೆ ಟೇಪು ಸುತ್ತಿ ಬಿಡುತ್ತಾರೆ. ಸ್ಟೀರಿಯೊ ಆನ್ ಆದಾಗ ಈ ತಂತಿಯಲ್ಲಿ 12 ವೋಲ್ಟ್ ಬಂದು ಆಂಪ್ಲಿಫೈಯರಿಗೆ ಎದ್ದೇಳಲು ಹೇಳುತ್ತದೆ, ಅಷ್ಟೇ. ಆಂಪ್ಲಿಫೈಯರ್ ಕೆಲಸ ಮಾಡಲು ಬೇಕಾದ ವಿದ್ಯುತ್ತು ಬ್ಯಾಟರಿಯಿಂದ ಬರುವ ದಪ್ಪ ತಂತಿಯಲ್ಲಿ ಹರಿಯುತ್ತದೆ. ಕೂಡಿಸದಿದ್ದರೆ ಆಂಪ್ಲಿಫೈಯರ್ ಮಲಗಿಯೇ ಇರುತ್ತದೆ, ಸದ್ದೇ ಬರುವುದಿಲ್ಲ. ‘ಎಚ್ಚರಿಕೆ ತಂತಿ’ ಎಂದರೆ ಅಪಾಯದ ಸೂಚನೆಯಾಗುತ್ತದೆ, ‘ಚಾಲನಾ ತಂತಿ’ ಎಂದರೆ ಕಾರು ಓಡಿಸುವುದಕ್ಕೆ ತಳುಕು ಹಾಕಿಕೊಳ್ಳುತ್ತದೆ. ‘ಎಬ್ಬಿಸುವ ತಂತಿ’ ಎಂದು ಬರೆದು, ಮೊದಲ ಸಲ ಬಂದಾಗ ‘ರಿಮೋಟ್ ವೈರ್ ಎನ್ನುವುದು ಇದನ್ನೇ’ ಎಂದು ಸೇರಿಸಿದ್ದೇನೆ. ಕೆಲವು ಕಾರುಗಳಲ್ಲಿ ಎಬ್ಬಿಸುವುದಕ್ಕೆ ತಂತಿಯೇ ಇಲ್ಲ. ಕಾರಿನ ಎಲೆಕ್ಟ್ರಾನಿಕ್ ಭಾಗಗಳು ಪರಸ್ಪರ ಮಾತಾಡಿಕೊಳ್ಳುವ ಕ್ಯಾನ್ ಬಸ್ ಎಂಬ ಜಾಲದ ಮೂಲಕ ಸಂದೇಶ ಹೋಗುತ್ತದೆ. ಕೆಲವು ಜರ್ಮನ್ ಕಾರುಗಳಲ್ಲಿ ಹಾಡು ಕೂಡ ಮೋಸ್ಟ್ ಎಂಬ ಜಾಲದ ಬೆಳಕಿನ ಎಳೆಯಲ್ಲಿ (ಆಪ್ಟಿಕಲ್ ಫೈಬರಿನಲ್ಲಿ) ಹೋಗುತ್ತದೆ. ಅಲ್ಲಿ ಹೊಸ ಸ್ಟೀರಿಯೊದ ಭಾಷೆ ಆಂಪ್ಲಿಫೈಯರಿಗೆ ತಿಳಿಯುವುದಿಲ್ಲವಾದ್ದರಿಂದ ನಡುವೆ ಇಂಟರ್‌ಫೇಸ್ ಪೆಟ್ಟಿಗೆ ಬೇಕು. ಅದಕ್ಕೆ ‘ದುಭಾಷಿ ಪೆಟ್ಟಿಗೆ’ ಎನ್ನಬಹುದೇ?

ಆಂಪ್ಲಿಫೈಯರಿನ ‘ಗೇನ್’ ತಿರುಪಿನ ಕುರಿತು ಹೆಚ್ಚು ಬರೆಯುವುದಿಲ್ಲ. ನಿಘಂಟು ಹಿಡಿದು ‘ಲಾಭ’ ಎಂದರೆ ಕೆಟ್ಟಿತು. ಅದನ್ನು ಇನ್ನೊಂದು ವಾಲ್ಯೂಮ್ ಎಂದೇ ಭಾವಿಸಿ ಕೊನೆಯವರೆಗೂ ತಿರುಗಿಸುವವರು ಬಹಳ. ಹಾಗೆ ತಿರುಗಿಸಿದಾಗ ಹಾಡು ನಿಂತರೂ ಸುಯ್ಯೆಂಬ ಸದ್ದು ನಿಲ್ಲುವುದಿಲ್ಲ. ಒಳಬರುವ ಸಂಕೇತ ಎಷ್ಟಿದೆಯೋ ಅದಕ್ಕೆ ಆಂಪ್ಲಿಫೈಯರನ್ನು ಹೊಂದಿಸುವ ತಿರುಪು ಅದು. ಜೊತೆಗೆ ಬಂದ ಆಂಪ್ಲಿಫೈಯರುಗಳಲ್ಲಿ ಅದು ಸಾಮಾನ್ಯವಾಗಿ ಹೊರಗೆ ಕಾಣುವುದಿಲ್ಲ, ನಡುವೆ ಹಾಕುವ ಅಡಾಪ್ಟರುಗಳಲ್ಲಿ ಇರುವುದುಂಟು. ‘ಹದ ತಿರುಪು’ ಎಂದು ಬರೆದು ನೋಡಿದೆ. ಹೆಚ್ಚೂ ಅಲ್ಲದ ಕಡಿಮೆಯೂ ಅಲ್ಲದ ಒಂದು ಬಿಂದು ಅದಕ್ಕಿದೆ ಎಂಬುದು ‘ಹದ’ದಲ್ಲಿ ತಾನಾಗಿ ಬರುತ್ತದೆ.

ಕೊನೆಯದಾಗಿ ಸಬ್‌ವೂಫರ್. ‘ಉಪ’ ಸೇರಿಸಿ ಪದ ಕಟ್ಟುವುದು ನನಗೆ ಇಷ್ಟವಿಲ್ಲ. ಉಪಾಧ್ಯಕ್ಷ, ಉಪವಿಭಾಗಗಳಂತೆ ಅದು ಒಂದರ ಕೈಕೆಳಗಿನದು ಎಂದಾಗುತ್ತದೆ. ನಮ್ಮ ಸಂಗೀತದಲ್ಲಿ ಮಂದ್ರ ಸ್ಥಾಯಿಯ ಕೆಳಗಿನ ಸ್ಥಾಯಿಗೆ ಅನುಮಂದ್ರ ಎಂಬ ಹೆಸರು ಮೊದಲೇ ಇದೆ. ಅದರಂತೆ ವೂಫರ್ ‘ಮಂದ್ರ ಸ್ಪೀಕರ್’, ಸಬ್‌ವೂಫರ್ ‘ಅನುಮಂದ್ರ ಸ್ಪೀಕರ್’ ಆಗಬಹುದು. ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನ (ಸೆಕೆಂಡಿಗೆ 80ಕ್ಕಿಂತ ಕಡಿಮೆ ಕಂಪನಗಳ) ಸದ್ದನ್ನು ಮಾತ್ರ ಅದಕ್ಕೆ ಬಿಡಿ ಎಂದು ವಿವರಿಸುವಾಗ ಈ ಹೆಸರು ಅರ್ಥಕ್ಕೆ ನೆರವಾಗುತ್ತದೆ ಎಂದು ನನ್ನ ನಂಬಿಕೆ. ಆದರೂ ಗ್ಯಾರೇಜಿನ ಹುಡುಗರ ಬಾಯಲ್ಲಿ ಇದು ನಿಲ್ಲುವುದೇ ಎಂಬ ಅನುಮಾನವಿರುವುದರಿಂದ ಕೈಪಿಡಿಯಲ್ಲಿ ಸದ್ಯಕ್ಕೆ ಸಬ್‌ವೂಫರ್ ಎಂದೇ ಇದೆ.

ಸಂಗೀತ ಬಲ್ಲವರು ಅನುಮಂದ್ರದ ಈ ಬಳಕೆ ಒಪ್ಪಿತವೇ ಎಂದು ದಯವಿಟ್ಟು ತಿಳಿಸಬೇಕು. ಹುಬ್ಬಳ್ಳಿ, ಕಲಬುರಗಿ, ಮಂಗಳೂರು ಕಡೆಯ ಗ್ಯಾರೇಜುಗಳ ಮಾತು ಬಲ್ಲವರಲ್ಲಿ ಇನ್ನೆರಡು ಕೋರಿಕೆಗಳಿವೆ. ನಿಮ್ಮಲ್ಲಿ ಸ್ಪೀಕರಿನ ಮೈನಸ್ಸನ್ನೂ ಬಾಡಿಯ ಮೈನಸ್ಸನ್ನೂ ಬೇರೆ ಬೇರೆ ಪದಗಳಿಂದ ಕರೆಯುವುದುಂಟೇ? ನೀಲಿ-ಬಿಳಿ ತಂತಿಗೆ ‘ರಿಮೋಟ್’ ಅಲ್ಲದ ಹೆಸರು ಚಾಲ್ತಿಯಲ್ಲಿದೆಯೇ? ಇದ್ದರೆ ಅದನ್ನು ಯಾವ ಊರಿನಲ್ಲಿ, ಯಾವ ವಾಕ್ಯದಲ್ಲಿ ಕೇಳಿದಿರಿ ಎಂಬುದನ್ನೂ ಸೇರಿಸಿ ಬರೆದರೆ ಉಪಕಾರವಾಗುತ್ತದೆ.